ಮೂರನೆಯ ಕೊಪ್ಪರಿಗೆ

"ಗುರುಗಳೇ, ದೊಡ್ಡ ಬ್ಯಾಂಕಿನ ದೊಡ್ಡವರು ಬಾಗಲಾ ಹಾಕ್ಕೊಂಡು ಕುಂತು, ದೇಶದ ಮೂಲಿಮೂಲಿ ಸುದ್ದಿ ಕೇಳಿ, ಕಡೀಕ ಹೊರಗ ಬಂದು 'ಬಡ್ಡಿ ಸದ್ಯ ಇದ್ದಂಗ ಇರ್ಲಿ' ಅಂತಾರಲ್ರಿ. ಇದ್ದಂಗ ಇರ್ಲಿ ಅನ್ನಾಕ ಅಷ್ಟು ಹೊತ್ತು ಯಾಕ ಬೇಕ್ರಿ?"

ಕೇಳಿದವನು ಚಂದ್ರಾಮ. ಮಠದ ಜಗಲಿಯ ಮೇಲೆ ಕೂತು ಅವರೆಕಾಯಿ ಸುಲಿಯುತ್ತಿದ್ದ. ಎಷ್ಟು ಬೇಸತ್ತಿದ್ದನೆಂದರೆ, ಕಾಳನ್ನು ಸಿಪ್ಪೆಯ ಬುಟ್ಟಿಗೂ ಸಿಪ್ಪೆಯನ್ನು ಕಾಳಿನ ಬುಟ್ಟಿಗೂ ಹಾಕುತ್ತಿದ್ದ. ಗುರುಗಳು ಕೆಳಗೆ ಅಂಗಳದಲ್ಲಿ ಮಣೆಯ ಮೇಲೆ ಕೂತು ಅವನ್ನು ಅದಲುಬದಲು ಮಾಡುತ್ತಿದ್ದರು. ಹಾಗೆ ನೋಡಿದರೆ ಆ ಹೊತ್ತಿನಲ್ಲಿ ಮಠದ ಅಡುಗೆಗೆ ಸೇವೆ ಸಲ್ಲಿಸುತ್ತಿದ್ದವರು ಗುರುಗಳೊಬ್ಬರೇ.

ಚಂದ್ರಾಮ ಸೋಮವಾರಕ್ಕೊಮ್ಮೆ ಮಠಕ್ಕೆ ಬರುವ ಶಿಷ್ಯ. ಉಳಿದ ದಿನ ಪೇಟೆಯಲ್ಲಿ ಪೇಪರು ಓದುತ್ತಾನೆ, ಓದಿದ್ದನ್ನು ಕೇಳದವರಿಗೂ ಹೇಳುತ್ತಾನೆ. ಮನೆಯಲ್ಲಿ ಬಡ್ಡಿ, ಬೆಲೆ, ಬ್ಯಾಂಕು ಎಂದು ಯಾರಿಗೆ ಏನು ತಿಳಿಯಬೇಕಿದ್ದರೂ ಅವನನ್ನೇ ಕೇಳಬೇಕು. ಕೇಳದಿದ್ದರೆ ಅವನಿಗೆ ಊಟ ಸೇರುವುದಿಲ್ಲ.

ಅಂಗಿಯ ಕಿಸೆಯಲ್ಲಿ ಫೋನು ಗುಂಯ್‌ಗುಟ್ಟಿತು. ತೆಗೆದು ನೋಡಿದ, ಕರೆ ಕತ್ತರಿಸಿದ, ಮತ್ತೆ ಕಿಸೆಗೆ ಇಳಿಸಿದ.

"ತಂಗಿ ದಾನಮ್ಮ," ಅಂದ. "ಬನಹಟ್ಟ್ಯಾಗ ಆಕಿ ಮಗ್ಗ ನಿಂತು ಜೇಡ ಬಲಿ ಕಟ್ಟೈತ್ರಿ. ನೂಲಿಗೆ ಸಾಲ ತರೂಣಂದ್ರ ಬಡ್ಡಿ ಕೇಳಿ ಆಕೀಗೆ ನಡುಕ. ಅದೇ ಬೆಂಗ್ಳೂರಾಗ ನೋಡ್ರಿ, ಅಂಗೈಯಷ್ಟು ಜಾಗಾಕ್ಕ ಹತ್ತು ಮಂದಿ ಜಗಳಾಡತಾರಂತ. ಅಲ್ಲಿ ರೇಟು ಏರಬಾರ್ದಂತ ಇಲ್ಲಿ ಬಡ್ಡಿ ಇಳಸಂಗಿಲ್ಲ. ಜ್ವರ ಬಂದದ್ದು ಅವ್ರಿಗೆ, ಕಷಾಯ ಕುಡ್ಯಾವ್ರು ನಾವು."

"ತಂಗಿ ಏನನ್ನುತ್ತಾಳೆ?" ಎಂದು ಗುರುಗಳು ಕೇಳಿದರು.

"ಗುಳೇದಗುಡ್ಡದ ನೇಕಾರರ ಸಂಘದವ್ರು ಆಕೀನ್ನ ಕರದಾರಂತ್ರಿ. ನೂಲು ಅವ್ರೇ ಕೊಡತಾರಂತ, ಮಗ್ಗ ತಂದು ಅವ್ರ ಪಡಸಾಲ್ಯಾಗ ಹೂಡಿದ್ರ ಸಾಕಂತ. ಹೋಗ್ಲೇನಣ್ಣಾ, ಹೋಗ್ಲೇನಣ್ಣಾ ಅಂತ ಒಂದೇ ರಾಗ. ಇವತ್ತು ಸಂಜೀಗೆ ಸಂಘಕ್ಕ ಹೂಂ ಅನಬೇಕಂತ, ಇಲ್ಲಂದ್ರ ಆ ಜಾಗ ಬ್ಯಾರೇದವ್ರಿಗೆ. ನಾ ತಡಿ ಅಂದೇನಿ. ಮುಂದಿನ ಸಭಾದಾಗ ಬಡ್ಡಿ ಇಳಿಸೇ ಇಳಸ್ತಾರ. ಹೋದ ಸಲಾನ ಇಳಸಬೇಕಿತ್ತು, ಅದರ ಹಿಂದಿನ ಸಲಾನೂ ಇಳಸಬೇಕಿತ್ತು. ಈ ದೊಡ್ಡವ್ರಿಗೆ ತಿಳೀತೈತೋ ಇಲ್ಲೋ, ಅಷ್ಟು ಹೇಳ್ರಿ."

ಗುರುಗಳು ಒಂದು ಅವರೆಕಾಯಿ ಬಿಡಿಸಿ ಕಾಳನ್ನು ಬುಟ್ಟಿಗೆ ಹಾಕಿದರು. ಆಮೇಲೆ ಈ ಕತೆ ಹೇಳಿದರು.

ಒಂದು ಹೊಳೆಯ ದಂಡೆಯಲ್ಲಿ ಒಂದು ಆಲೆಮನೆ ಇತ್ತು. ಉದ್ದನೆಯ ಒಂದೇ ಒಲೆ, ಅದಕ್ಕೆ ಒಂದೇ ಬಾಯಿ. ಒಲೆಯ ಮೇಲೆ ಸಾಲಾಗಿ ಮೂರು ಕೊಪ್ಪರಿಗೆ. ಬಾಯಿಯಲ್ಲಿ ಹಾಕಿದ ಉರಿ ಮೊದಲನೆಯದರ ಕೆಳಗೆ ಹಾದು, ಎರಡನೆಯದನ್ನು ಕಾಯಿಸಿ, ಮೂರನೆಯದನ್ನು ಮುಟ್ಟಿ ಹೊಗೆಗೂಡಿನಿಂದ ಹೊರಗೆ ಹೋಗಬೇಕು. ಮೊದಲ ಕೊಪ್ಪರಿಗೆ ಒಬ್ಬ ವರ್ತಕನದು, ನಡುವಿನದು ಒಬ್ಬ ರೈತನದು, ಕೊನೆಯದು ಒಬ್ಬ ಹೆಂಗಸಿನದು. ಅವರವರ ಕಬ್ಬಿನ ಹಾಲು ಅವರವರ ಕೊಪ್ಪರಿಗೆಯಲ್ಲೇ ಬೆಲ್ಲವಾಗಬೇಕು ಎಂಬುದು ಅಲ್ಲಿಯ ರೂಢಿ. ಹಾಗೆಂದು ಯಾರೂ ಕಟ್ಟಳೆ ಮಾಡಿರಲಿಲ್ಲ. ಎಲ್ಲರೂ ಹಾಗೇ ಮಾಡುತ್ತಿದ್ದರು, ಅಷ್ಟೇ.

ಹಿಂದೊಮ್ಮೆ ಮೂವರೂ ತಮಗೆ ಬೇಕಾದ ಹಾಗೆ ಉರಿ ಹಾಕುತ್ತಿದ್ದರು. ಕೊನೆಯವರು ಹೊರೆಗಟ್ಟಲೆ ಒಣ ಕಬ್ಬಿನ ಸಿಪ್ಪೆ ತುರುಕಿದರೆ, ಮೊದಲಿನವರು ನೀರು ತಂದು ಎರಚುತ್ತಿದ್ದರು. ಒಂದು ವರ್ಷ ಉರಿ ಮಿತಿಮೀರಿ ಮೊದಲ ಕೊಪ್ಪರಿಗೆಯ ತಳ ಬಿರಿಯಿತು. ಪಾಕವೆಲ್ಲ ಒಲೆಗೆ ಸುರಿದು ಬೆಂಕಿ ಆರಿತು. ಆ ವರ್ಷ ಮೂವರಿಗೂ ಬೆಲ್ಲವಿಲ್ಲ. ಉಳಿದದ್ದು ಬೈಗುಳ ಮಾತ್ರ. ಅದು ಮೂರೂ ಮನೆಗೆ ಸಮನಾಗಿ ಸಿಕ್ಕಿತು.

ಅಂದಿನಿಂದ ಊರಿನವರು ಐದು ಜನ ಹಿರಿಯರನ್ನು ಆರಿಸಿ ಆಲೆಮನೆಯ ಜಗಲಿಯ ಮೇಲೆ ಚಾಪೆ ಹಾಕಿ ಕೂರಿಸಿದರು. ಅವರು ಹೇಳದೆ ಯಾರೂ ಒಲೆಗೆ ಒಂದು ಸಿಪ್ಪೆಯನ್ನೂ ಹಾಕಬಾರದು, ತೆಗೆಯಬಾರದು. ಹಿರಿಯರು ಕೊಪ್ಪರಿಗೆಯ ಹತ್ತಿರ ಹೋಗಬಾರದು, ಹೋದರೆ ಯಾವುದಾದರೂ ಒಂದರ ವಾಸನೆಗೆ ಮನಸ್ಸು ವಾಲೀತು. ಮೂರೂ ಕೊಪ್ಪರಿಗೆಯವರು ಜಗಲಿಗೆ ಬಂದು ತಮ್ಮ ತಮ್ಮ ಸ್ಥಿತಿ ಹೇಳಬೇಕು. ಚಾಪೆಯ ಮೇಲೆ ಕೂತವರು ಮೂವರ ಮಾತನ್ನೂ ಕೇಳಿದ ಮೇಲೆಯೇ ಬಾಯಿ ತೆರೆಯಬೇಕು. ಅವರ ಕೈಯಲ್ಲಿ ಇದ್ದದ್ದು ಮೂರೇ ಮಾತು. ಉರಿ ಏರಿಸಿ, ಉರಿ ಇಳಿಸಿ, ಇದ್ದ ಹಾಗೇ ಇರಲಿ.

"ಇದ್ದಂಗ ಇರ್ಲಿ ಅಂದಿರ್ತಾರ, ನೋಡ್ರಿ ಬೇಕಾರ," ಎಂದ ಚಂದ್ರಾಮ.

ಗುರುಗಳು ಅವನ ಕಾಳಿನ ಬುಟ್ಟಿಯಿಂದ ಒಂದು ಸಿಪ್ಪೆ ತೆಗೆದು ಮುಂದುವರಿಸಿದರು.

ಆ ವರ್ಷ ಕೊನೆಯ ಕೊಪ್ಪರಿಗೆಯ ಹೆಂಗಸು ತನ್ನ ಇಡೀ ವರ್ಷದ ಕಬ್ಬನ್ನು ಒಂದೇ ಮುಂಜಾನೆ ಗಾಣಕ್ಕೆ ಕೊಟ್ಟಿದ್ದಳು. ಹಾಲು ಕೊಪ್ಪರಿಗೆಗೆ ಬಿತ್ತು. ಕಬ್ಬಿನ ಹಾಲಿಗೆ ಕಾಯುವ ಬುದ್ಧಿ ಇಲ್ಲ. ಬೆಳಿಗ್ಗೆ ಹಿಂಡಿದ್ದನ್ನು ಬೇಗ ಕುದಿಸಲಿಲ್ಲವೆಂದರೆ ಹೊತ್ತು ಇಳಿಯುವುದರೊಳಗೆ ಹುಳಿ ಬರುತ್ತದೆ. ಹುಳಿ ಬಂದ ಹಾಲು ಎಷ್ಟು ಕುದಿಸಿದರೂ ಬೆಲ್ಲ ಕಟ್ಟುವುದಿಲ್ಲ.

ಬಿಸಿಲು ಏರುವ ಹೊತ್ತಿಗೆ ಅವಳು ಕೊಪ್ಪರಿಗೆಗೆ ಬೆರಳು ಅದ್ದಿ ನೋಡಿದಳು. ಬೆರಳಿಗೆ ಏನೂ ಆಗಲಿಲ್ಲ. ಜಗಲಿಗೆ ಹೋದಳು.

ವರ್ತಕನೂ ರೈತನೂ ಆಗಲೇ ಬಂದು ತಮ್ಮ ಮಾತು ಹೇಳಿ ಹೋಗಿದ್ದರು. ನಡುವೆ ಕೂತಿದ್ದ ದೊಡ್ಡ ಹಿರಿಯ ಕೇಳಿದ.

"ನಿನ್ನ ಕೊಪ್ಪರಿಗಿ ಹೆಂಗೈತಿ, ತಂಗಿ?"

"ತಣ್ಣಗ ಐತ್ರಿ ಯಜಮಾನ್ರ. ಹಾಲಿನಾಗ ಒಂದು ನೊಣ ಬಿದ್ದಿತ್ರಿ. ಈಜ್ಯಾಡಿ ದಂಡಿಗೆ ಹತ್ತಿ, ರೆಕ್ಕಿ ಒಣಗಿಸ್ಕೊಂಡು ಹಾರಿ ಹೋತು."

ಹಿರಿಯರು ಒಬ್ಬರ ಮುಖ ಒಬ್ಬರು ನೋಡಿದರು. ಪಿಸುಪಿಸು ಮಾತಾಡಿದರು. ಎಲೆ ಅಡಿಕೆ ಹಾಕಿಕೊಂಡರು. ಹಾಕಿಕೊಂಡದ್ದನ್ನು ಉಗಿಯಲು ಒಬ್ಬೊಬ್ಬರಾಗಿ ಎದ್ದು ಹೋಗಿ ಬಂದರು. ಕೊನೆಗೆ ದೊಡ್ಡ ಹಿರಿಯ ಗಂಟಲು ಸರಿಮಾಡಿಕೊಂಡ.

"ಮೊದಲನೇ ಕೊಪ್ಪರಿಗ್ಯಾಗ ಕುದಿ ಬಲವಾಗೈತಿ. ನಡುವಿನದರಾಗ ಸಾಧಾರಣ ಐತಿ. ಮೂರನೇದರಾಗ ಕುದಿ ಮಂದ ಐತಿ, ಆದ್ರ ಜೀವ ಇರೂದು ಕಂಡುಬಂದೈತಿ."

"ಜೀವ ಇದ್ದದ್ದು ನೊಣಕ್ಕರಿ," ಎಂದಳು ಹೆಂಗಸು.

"ನೊಣದ ಮಾತು ನಮ್ಮ ಗಮನಕ್ಕ ಬಂದೈತಿ, ತಂಗಿ."

ಪಕ್ಕದಲ್ಲಿದ್ದ ಎರಡನೆಯ ಹಿರಿಯ ಬೆರಳು ಮಡಿಚಿ ಏನೋ ಎಣಿಸುತ್ತಿದ್ದ. ಎಣಿಸುವುದು ಮುಗಿದ ಮೇಲೆ ತಲೆ ಎತ್ತಿದ.

"ಮೂರೂ ಕೂಡಿಸಿ ನೋಡಿದ್ರ ಕುದಿ ಹದವಾಗಿ ಐತಿ," ಎಂದ.

"ಹಂಗಾರ ಮೂರೂ ಕೂಡಿಸೇ ಬೆಲ್ಲ ಮಾಡಿ, ನನಗೊಂದು ಪಾಲು ಕೊಡ್ರಿ," ಎಂದಳು ಹೆಂಗಸು.

ಅವಳು ಸಿಟ್ಟಿನಿಂದ ಅಂದ ಮಾತು ಅದು. ಅದನ್ನು ಯಾರೂ ಕಿವಿಗೆ ಹಾಕಿಕೊಳ್ಳಲಿಲ್ಲ. ಅವಳೂ ಹಾಕಿಕೊಳ್ಳಲಿಲ್ಲ.

"ಇದ್ದಂಗ ಇರ್ಲಿ," ಎಂದು ಹಿರಿಯರು ತೀರ್ಮಾನಿಸಿದರು. ದೊಡ್ಡ ಹಿರಿಯ ಅವಳ ಕಡೆ ತಿರುಗಿ ಮೆತ್ತಗೆ ಹೇಳಿದ, "ಕಾವು ಬರತೈತಿ, ತಂಗಿ. ಸ್ವಲ್ಪ ತಡಿ."

ಆಮೇಲೆ ರೂಢಿಯಂತೆ ಆಲೆಮನೆಯ ಆಳು ಒಲೆಯ ಪಕ್ಕ ನಿಂತು ಡಂಗುರ ಸಾರಿದ. ಮೂರೂ ಕೊಪ್ಪರಿಗೆಯ ಸ್ಥಿತಿ ಪರಿಶೀಲಿಸಲಾಗಿದೆ, ಒಟ್ಟಾರೆ ಕುದಿ ಹದವಾಗಿದೆ, ಉರಿ ಇದ್ದ ಹಾಗೇ ಇರತಕ್ಕದ್ದು. ವರ್ತಕ ಕೇಳಿದ, ರೈತ ಕೇಳಿದ. ನಡುವೆ ಹಬೆ ದಟ್ಟವಾಗಿದ್ದರಿಂದ ಅವರಿಗೆ ಮೂರನೆಯ ಕೊಪ್ಪರಿಗೆ ಕಾಣುತ್ತಿರಲಿಲ್ಲ. ಒಟ್ಟಾರೆ ಹದವಾಗಿದೆಯಂತೆ, ಒಳ್ಳೆಯದಾಯಿತು ಎಂದುಕೊಂಡು ತಮ್ಮ ಪಾಕದ ಕಡೆ ತಿರುಗಿದರು.

ಹೆಂಗಸು ಹೋಗಿ ಕೊಪ್ಪರಿಗೆಯ ಪಕ್ಕ ಕುಕ್ಕರಗಾಲಲ್ಲಿ ಕೂತಳು. ತಡಿ ಅಂದಿದ್ದಾರೆ, ತಡೆದಳು. ಬೆರಳು ಅದ್ದಿದಳು. ಹಾಲು ಉಗುರುಬೆಚ್ಚಗೆ ಆಗಿತ್ತು. ಕುದಿಯುವುದಕ್ಕೆ ಅದು ಸಾಲದು, ಹುಳಿ ಬರುವುದಕ್ಕೆ ಹೇಳಿ ಮಾಡಿಸಿದಷ್ಟು ಬೆಚ್ಚಗೆ. ಮತ್ತೆ ಜಗಲಿಗೆ ಹೋದಳು.

"ಯಜಮಾನ್ರ, ಬಂದಿಲ್ರಿ ಕಾವು."

ಈಗ ಮೂರನೆಯ ಹಿರಿಯ ಮಾತಾಡಿದ. ಇವನು ಐವರಲ್ಲಿ ಹೆಚ್ಚು ತಿಳಿದವನು. ಅದು ಅವನಿಗೂ ತಿಳಿದಿತ್ತು.

"ನೋಡು ತಂಗಿ, ಒಲಿ ಉದ್ದ ಐತಿ. ನಾವು ಇಲ್ಲಿ ಮಾಡಿದ್ದು ನಿನಗ ಮುಟ್ಟಾಕ ಹೊತ್ತು ಹಿಡೀತೈತಿ."

"ನೀವು ಏನೂ ಮಾಡೇ ಇಲ್ಲಲ್ರಿ."

"ಏನೂ ಮಾಡದ್ದೂ ಮುಟ್ಟಾಕ ಹೊತ್ತು ಹಿಡೀತೈತಿ."

ಹಿರಿಯರು ಮತ್ತೆ ಮೂವರ ಮಾತನ್ನೂ ಕೇಳಿದರು, ಮತ್ತೆ ಎಲೆ ಅಡಿಕೆ ಹಾಕಿಕೊಂಡರು, ಮತ್ತೆ ಇದ್ದ ಹಾಗೇ ಇರಲಿ ಅಂದರು. ಮತ್ತೆ ಡಂಗುರವಾಯಿತು. ಈ ಸಲ ಆಳು ಒಂದು ಮಾತು ಸೇರಿಸಿದ. ಹಿರಿಯರು ಮೂರನೆಯ ಕೊಪ್ಪರಿಗೆಯ ಮೇಲೆ ವಿಶೇಷ ನಿಗಾ ಇಟ್ಟಿದ್ದಾರೆ. ಹಾಗೆ ಸೇರಿಸಲು ಅವನಿಗೆ ಹೇಳಿದ್ದು ದೊಡ್ಡ ಹಿರಿಯನೇ.

"ಕಣ್ಣಿಟ್ರ ಕುದೀತೈತೇನ್ರಿ ಹಾಲು?" ಎಂದು ಚಂದ್ರಾಮ ತೊಡೆ ತಟ್ಟಿಕೊಂಡ. "ಅವ್ರನ್ನ ಆ ಜಗಲಿಯಿಂದ ಎಳದು ಒಲಿ ಮುಂದ ನಿಲ್ಲಸಬೇಕಿತ್ತು."

ಅವಳು ಅದಕ್ಕಿಂತ ಹೆಚ್ಚಿನದನ್ನು ಮಾಡಿದಳು ಎಂದರು ಗುರುಗಳು.

ಹೊತ್ತು ಇಳಿಯುತ್ತ ಬಂದಿತ್ತು. ಅವಳು ಮತ್ತೆ ಹೋದಾಗ ದೊಡ್ಡ ಹಿರಿಯ ಎಲೆ ಅಡಿಕೆ ಉಗಿಯಲು ಎದ್ದಿದ್ದ. ಅವಳು ನೇರವಾಗಿ ಹೋಗಿ ಅವನ ಜಾಗದಲ್ಲಿ ಕೂತುಬಿಟ್ಟಳು. ಚಾಪೆ ಇನ್ನೂ ಬೆಚ್ಚಗಿತ್ತು. ಆಲೆಮನೆಯಲ್ಲಿ ಸರಿಯಾಗಿ ಕಾವು ತಲುಪಿದ್ದ ಜಾಗ ಅದೊಂದೇ ಎಂದು ಅವಳಿಗೆ ಅನ್ನಿಸಿತು.

ಉಳಿದ ನಾಲ್ವರು ಗಾಬರಿಯಾದರು. ದೊಡ್ಡ ಹಿರಿಯ ತಿರುಗಿ ಬಂದು ನೋಡಿದ. ಅವನು ಸಿಟ್ಟಾಗಲಿಲ್ಲ.

"ಕುಂಡ್ರು ತಂಗಿ," ಎಂದ. "ನೀನೇ ಹೇಳು, ಏನು ಮಾಡೂಣು? ಆದ್ರ ಚಾಪಿ ಕಟ್ಟಳಿ ಗೊತ್ತೈತಲ್ಲ. ಮೂವರ ಮಾತೂ ಕೇಳಿ ಬಾಯಿ ಬಿಡಬೇಕು."

ವರ್ತಕನನ್ನು ಕರೆಸಿದರು. ಅವನು ಮೈಯೆಲ್ಲ ಬೆವರಾಗಿ ಬಂದ. ಚಾಪೆಯ ಮೇಲೆ ಅವಳನ್ನು ಕಂಡು ಒಂದು ಗಳಿಗೆ ನಿಂತ. ಆಮೇಲೆ ತನ್ನ ಮಾತು ಹೇಳಿದ. ಪಾಕ ಉಕ್ಕುತ್ತಿದೆ, ಇಬ್ಬರು ಆಳುಗಳು ಬಿಡದೆ ತಿರುವುತ್ತಿದ್ದಾರೆ, ಕೊಪ್ಪರಿಗೆಯ ತಳ ಕೆಂಪಗಾಗಿದೆ, ಇನ್ನೊಂದು ಹೊರೆ ಬಿದ್ದರೆ ಹಿಂದೊಮ್ಮೆ ಆದ ಹಾಗೆ ಬಿರಿಯುತ್ತದೆ. ರೈತನನ್ನು ಕರೆಸಿದರು. ತನ್ನದು ಈಗಷ್ಟೇ ಪಾಕಕ್ಕೆ ಬರುತ್ತಿದೆ, ಉರಿ ಇಳಿಸಿದರೆ ಅಂಟಾಗಿಯೇ ಉಳಿಯುತ್ತದೆ ಎಂದ. ಮೂರನೆಯ ಕೊಪ್ಪರಿಗೆಯ ಮಾತು ಅವಳಿಗೇ ಗೊತ್ತಿತ್ತು.

ಉರಿ ಏರಿಸಿ ಎನ್ನಲು ಅವಳ ನಾಲಿಗೆ ಬೆಳಗಿನಿಂದ ತುದಿಗಾಲಲ್ಲಿ ನಿಂತಿತ್ತು. ವರ್ತಕನ ಬೆಲ್ಲ ಕರಕಾದರೆ ಅವಳಿಗೆ ಅಷ್ಟೇನೂ ದುಃಖವಿರಲಿಲ್ಲ. ಆದರೆ ತಳ ಬಿರಿದರೆ ಬೆಂಕಿಯೇ ಆರುತ್ತದೆ. ಬೆಂಕಿ ಆರಿದರೆ ಮೂರನೆಯದಕ್ಕೆ ಈಗ ಬರುತ್ತಿರುವಷ್ಟೂ ಬರುವುದಿಲ್ಲ. ಅವಳು ಆ ಕಡೆಯಿಂದ ಯೋಚಿಸಿದಳು, ಈ ಕಡೆಯಿಂದ ಯೋಚಿಸಿದಳು. ಪಕ್ಕದ ಹಿರಿಯ ಎಲೆ ಅಡಿಕೆಯ ತಟ್ಟೆ ಮುಂದೆ ಸರಿಸಿದ. ಬೇಡ ಎಂದಳು.

ಕೊನೆಗೆ ಅವಳ ಬಾಯಿಂದಲೂ ಅದೇ ಮಾತು ಬಂತು.

"ಇದ್ದಂಗ ಇರ್ಲಿ."

ಹಿರಿಯರು ಸಮಾಧಾನದಿಂದ ತಲೆಯಾಡಿಸಿದರು. ಆಳು ಡಂಗುರಕ್ಕೆ ಎದ್ದ. ಅವಳು ಅವನನ್ನು ಕೈಸನ್ನೆಯಿಂದ ತಡೆದಳು.

"ಪೂರ್ತಿ ಹೇಳಿಲ್ಲೋ. ಹಿಂಗ ಸಾರು. ಉರಿ ಇದ್ದಂಗ ಇರ್ಲಿ. ಮೂರನೇ ಕೊಪ್ಪರಿಗಿಗೆ ಕಾವು ಬರೂದಿಲ್ಲ. ಅದರಾಗಿನ ಹಾಲು ಹುಳಿ ಬರತೈತಿ. ಅದು ನನ್ನ ಹಾಲು."

ಆಳು ಹಿರಿಯರ ಮುಖ ನೋಡಿದ. ಅಂಥ ಡಂಗುರ ಅವನು ಸಾರಿದ್ದೇ ಇಲ್ಲ. ಒಟ್ಟಾರೆ ಎಂಬ ಮಾತೇ ಅದರಲ್ಲಿ ಇರಲಿಲ್ಲ. ಆದರೂ ಹೋಗಿ ಸಾರಿದ.

ಹಬೆಯ ಆಚೆಯಿಂದ ವರ್ತಕ ಓಡಿ ಬಂದ.

"ಯವ್ವಾ, ನಿಂದು ಕುದ್ದೇ ಇಲ್ಲೇನು? ಮುಂಜಾನಿಂದ ಹದವಾಗೈತಿ, ಹದವಾಗೈತಿ ಅಂತ ಸಾರಾಕತ್ತಿದ್ರಲ್ಲ. ನಾ ಹದವಾಗೈತಿ ಅಂತ ಸುಮ್ನಿದ್ದೆ. ಪಾಕ ಇಳಿಸಿದಾಗೊಮ್ಮಿ ನನ್ನ ಕೊಪ್ಪರಿಗಿ ಖಾಲೀನ ಕುಂದ್ರತೈತಿ. ಉರಿ ಹೊತ್ತಿಕೊಂಡೇ ಇರತೈತಿ. ತಳಾ ಸುಡಬಾರ್ದಂತ ನಾ ನೀರು ಹಾಕಿ ಕುದಿಸ್ಕೋತ ಕುಂತೇನಿ. ಬರೇ ನೀರು. ನಿನ್ನ ಹಾಲು ತಂದು ಸುರೀಬಾರ್ದಿತ್ತೇನು?"

ಒಲೆಯನ್ನು ಯಾರೂ ಮುಟ್ಟಬಾರದು ಎಂದಿತ್ತು. ಹಾಲನ್ನು ಹೊರಬಾರದು ಎಂದು ಯಾರೂ ಹೇಳಿರಲಿಲ್ಲ.

ಅವಳು ಎದ್ದಳು. ಕೊಡ ತಂದಳು. ವರ್ತಕ ಹಿಡಿದ, ರೈತ ಹಿಡಿದ, ಡಂಗುರದ ಆಳೂ ಡಂಗುರ ಕೆಳಗಿಟ್ಟು ಹಿಡಿದ. ವರ್ತಕನ ಪಾಕ ಇಳಿಸಿ ಖಾಲಿ ಮಾಡಿದ ಮೊದಲ ಕೊಪ್ಪರಿಗೆಗೆ ಹಾಲೆಲ್ಲ ಬಿತ್ತು. ಗಳಗಳ ಕುದಿಯಿತು. ನೊರೆ ಬಂತು, ಬಣ್ಣ ಬಂತು. ತಿರುವುವವನು ಒಂದು ಚಮಚ ಪಾಕ ತೆಗೆದು ತಣ್ಣೀರಿಗೆ ಬಿಟ್ಟು ನೋಡಿದ. ಉಂಡೆ ಕಟ್ಟಬೇಕು. ಕಟ್ಟಲಿಲ್ಲ. ಇನ್ನೂ ಕುದಿಸಿದರು. ಮತ್ತೆ ಬಿಟ್ಟು ನೋಡಿದ. ನೀರಿನಲ್ಲಿ ನೂಲು ನೂಲಾಗಿ ಕರಗಿಹೋಯಿತು. ಅವನು ಬೆರಳು ನೆಕ್ಕಿ ಸೌಟು ಕೆಳಗಿಟ್ಟ.

ಅವಳ ಇಡೀ ವರ್ಷದ ಕಬ್ಬು ಎತ್ತುಗಳ ಕಲಗಚ್ಚಿಗೆ ಹೋಯಿತು.

ಅವಳು ಜಗಲಿಯ ಹತ್ತಿರ ಬಂದು ನಿಂತಳು. ಮೇಲೆ ಹತ್ತಲಿಲ್ಲ.

"ಉರಿ ವಿಷಯದಾಗ ನಿಮ್ಮದೇನೂ ತಪ್ಪಿಲ್ರಿ," ಎಂದಳು. "ನಾ ಕುಂತಾಗೂ ನನಗ ಅದ ತಿಳೀತು. ಆದ್ರ ಮುಂಜಾನೆನ ನಿನಗ ಕಾವು ಬರೂದಿಲ್ಲ ಅಂದಿದ್ರ, ನಾ ಆವಾಗ್ಲೇ ಕೊಡ ಹೊತ್ತಿರ್ತಿದ್ದೆ. ಯಾಕ ಅನ್ನಲಿಲ್ರಿ?"

ದೊಡ್ಡ ಹಿರಿಯನ ಬಾಯಲ್ಲಿ ಈಗ ಎಲೆ ಅಡಿಕೆ ಇರಲಿಲ್ಲ.

"ನಿನ್ನ ಮನಸ್ಸು ನೋಯಬಾರ್ದಂತ, ತಂಗಿ," ಎಂದ.

ಗುರುಗಳು ಕತೆ ನಿಲ್ಲಿಸಿ ಬುಟ್ಟಿಯ ಕಾಳನ್ನು ಒಮ್ಮೆ ಕುಲುಕಿದರು.

ಕತೆ ಇನ್ನೂ ಇದೆಯೇನೋ ಎಂದು ಚಂದ್ರಾಮ ಅಂದುಕೊಂಡಿದ್ದ. ಇಲ್ಲವೆಂದು ಗೊತ್ತಾದ ಮೇಲೆ ಅವನಿಗೆ ಕತೆಯೇ ಸಿಟ್ಟು ತರಿಸಿತು.

"ಇದೆಂಥಾ ನ್ಯಾಯರಿ? ಉರಿ ಲೆಕ್ಕ ಸರಿ, ಅಂದ್ರೂ ಹಾಲು ಹುಳಿ. ಮನಸ್ಸು ನೋಯಬಾರ್ದಂತ. ಹಂಗಂತ ಒಬ್ಬಾಕಿ ಹೆಣ್ಣಮಗಳನ್ನ ತಡಿ, ತಡಿ ಅಂತ ಹೊತ್ತು ಮುಳುಗೂತನ ಕುಂದರಸ್ತಾರೇನ್ರಿ? ತಮ್ಮ ಕೈಯಾಗ ಇಲ್ಲದ್ದನ್ನ ಬರತೈತಿ ಅಂತ ಹೇಳಾಕ ಅವ್ರಿಗೆ ನಾಚಿಕಿ ಆಗಬಾರ್ದೇನ್ರಿ?"

ಕಿಸೆಯಲ್ಲಿ ಫೋನು ಗುಂಯ್‌ಗುಟ್ಟಿತು.

ತೆಗೆದು ನೋಡಿದ. ದಾನಮ್ಮ. ಅಂಗಳದಲ್ಲಿ ಬಿಸಿಲು ಆಗಲೇ ಗೋಡೆ ಹತ್ತಿತ್ತು. ಕತ್ತರಿಸಲು ಅವನ ಹೆಬ್ಬೆರಳು ಮೇಲೆದ್ದಿತು. ಎತ್ತಿದರೆ ಹೇಳಬೇಕಾದ ಮಾತೂ ನಾಲಿಗೆಯ ಮೇಲೆ ಸಿದ್ಧವಾಗಿತ್ತು. ತಡಿ ತಂಗಿ, ಮುಂದಿನ ಸಭೆಯಲ್ಲಿ ಇಳಿಸಿಯೇ ಇಳಿಸುತ್ತಾರೆ. ಹೆಬ್ಬೆರಳು ಹಾಗೆಯೇ ನಿಂತಿತು. ಇನ್ನೊಂದು ಕೈಯಲ್ಲಿದ್ದ ಅವರೆಕಾಯಿಯನ್ನು ಯಾವ ಬುಟ್ಟಿಗೆ ಹಾಕಬೇಕೆಂದು ಅವನಿಗೆ ತಿಳಿಯಲಿಲ್ಲ.

ಗುರುಗಳು ಆ ಕಾಯಿಯನ್ನು ಅವನ ಕೈಯಿಂದ ತೆಗೆದುಕೊಂಡರು.

"ಜಗಲಿಯಿಂದ ಇಳಿದು ಮಾತಾಡು, ಚಂದ್ರಾಮ."